ಸ್ಥೈರ್ಯಾಂಕ

ಆ ಕುರ್ಚಿಯನ್ನು ಮೊದಲ ಸಲ ನೋಡಿದವರಿಗೆ ಹಲ್ಲಿನ ಡಾಕ್ಟರರ ಕುರ್ಚಿ ನೆನಪಾಗುತ್ತಿತ್ತು. ತಲೆಯ ಎರಡೂ ಬದಿಗೆ ಮೆತ್ತನೆಯ ದಿಂಬು, ಎಡಗೈ ಮಣಿಕಟ್ಟಿಗೆ ಒಂದು ಪಟ್ಟಿ, ಕಣ್ಣಿನ ನೇರಕ್ಕೆ ಹೆಬ್ಬೆರಳ ಗಾತ್ರದ ಕ್ಯಾಮೆರಾ. ನಲವತ್ತು ನಿಮಿಷದಲ್ಲಿ ಇನ್ನೂರ ಹನ್ನೆರಡು ಪ್ರಶ್ನೆ. ಪ್ರಶ್ನೆಗಳ ನಡುವೆ ಇದ್ದಕ್ಕಿದ್ದಂತೆ ಗಾಜು ಒಡೆದ ಸದ್ದು, ಕೂಸು ಚೀರಿದ ಸದ್ದು, ಪರದೆಯ ತುಂಬ ಬೆಂಕಿ. ಕೂತವರು ಕೊಡುವ ಉತ್ತರಕ್ಕೆ ಯಂತ್ರ ಹೆಚ್ಚು ಬೆಲೆ ಕೊಡುತ್ತಿರಲಿಲ್ಲ. ಸದ್ದಾದಾಗ ಕಣ್ಣಪಾಪೆ ಎಷ್ಟು ಹಿಗ್ಗಿತು, ಅಂಗೈ ಎಷ್ಟು ಬೆವರಿತು, ನಾಡಿ ಮತ್ತೆ ಹದಕ್ಕೆ ಬರಲು ಎಷ್ಟು ಸೆಕೆಂಡು ಹಿಡಿಯಿತು ಎಂಬುದನ್ನು ಅಳೆದು, ಕೊನೆಗೆ ನೂರರೊಳಗಿನ ಒಂದು ಸಂಖ್ಯೆಯನ್ನು ಕೊಡುತ್ತಿತ್ತು. ಅದೇ ಸ್ಥೈರ್ಯಾಂಕ.

ಯಂತ್ರದ ಲೆಕ್ಕವನ್ನು ಕಟ್ಟಿ ಆ ಹೆಸರಿಟ್ಟವಳು ವಸುಮತಿ ಗಲಗಲಿ. ಧಾರವಾಡದ ಮಾನವ ಸಾಮರ್ಥ್ಯ ಮಾಪನ ಕೇಂದ್ರದಲ್ಲಿ ಹದಿನಾಲ್ಕು ವರ್ಷದಿಂದ ಸಂಖ್ಯಾಶಾಸ್ತ್ರಜ್ಞೆಯಾಗಿದ್ದಳು. ಯಂತ್ರದ ಮೇಲೆ ಅವಳಿಗೆ ನಿಜವಾದ ನಂಬಿಕೆ ಇತ್ತು. ತನ್ನ ಮೊದಲ ಸಂದರ್ಶನದಲ್ಲಿ ಮೂರು ಜನ ಹಿರಿಯರು ಅವಳ ಲೆಕ್ಕದ ಬಗ್ಗೆ ಒಂದು ಮಾತನ್ನೂ ಕೇಳದೆ, ಊರು ಯಾವುದು, ಯಾರ ಪೈಕಿ, ಕೂಸನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ ಕಳಿಸಿದ್ದರು. ಈ ಕುರ್ಚಿ ಊರು ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ, ಯಾರ ಶಿಫಾರಸಿಗೂ ಬಗ್ಗುವುದಿಲ್ಲ ಎಂಬುದು ಅವಳಿಗೆ ದೊಡ್ಡ ಮಾತಾಗಿತ್ತು.

ಮೊದಲ ಎರಡು ವರ್ಷ ಫಲವೂ ಚೆನ್ನಾಗಿಯೇ ಬಂತು. ಅಂಕ ನೋಡಿ ಜನರನ್ನು ತೆಗೆದುಕೊಂಡ ಕಾರ್ಖಾನೆಗಳಲ್ಲಿ ಅವಘಡಗಳು ಮೂರರಲ್ಲಿ ಒಂದು ಭಾಗದಷ್ಟು ಇಳಿದವು. ಆಮೇಲೆ ಕಾಯಿದೆ ಬಂತು. ಅಪಾಯಕಾರಿ ಉದ್ಯಮಗಳ ನಿಯಂತ್ರಣ ಕೊಠಡಿಯಲ್ಲಿ ಕೂರುವವರಿಗೆ ಅಂಕ ಅರವತ್ತಾದರೂ ಇರಬೇಕು. ಹದಿನೇಳು ತುಂಬಿದ ಪ್ರತಿ ವಿದ್ಯಾರ್ಥಿಯನ್ನೂ ಕುರ್ಚಿಯಲ್ಲಿ ಕೂರಿಸಬೇಕು. ತೊಂಬತ್ತು ದಾಟಿದವರು 'ಆಯ್ದ ಪ್ರತಿಭೆ'. ಅವರ ಓದು, ತರಬೇತಿ, ನೌಕರಿ ಎಲ್ಲ ಸರ್ಕಾರದ ಹೊಣೆ. ಪರೀಕ್ಷೆ ಜೀವಮಾನದಲ್ಲಿ ಒಂದೇ ಸಲ. ಎರಡನೆಯ ಸಲ ಕೂತವರಿಗೆ ಸದ್ದುಗಳು ಮೊದಲೇ ಗೊತ್ತಿರುತ್ತವೆ ಎಂದು ಆ ನಿಯಮವನ್ನು ಬರೆದವಳೂ ವಸುಮತಿಯೇ.

ಜನ ಹೊಂದಿಕೊಂಡರು. ಸಪ್ತಾಪುರದ ಕೋಚಿಂಗ್ ಕ್ಲಾಸುಗಳಲ್ಲಿ ಉಸಿರು ಕಟ್ಟಿ ಕೂರುವುದನ್ನು ಕಲಿಸುವ ಬ್ಯಾಚುಗಳು ಶುರುವಾದವು. ಮಕ್ಕಳಿಗೆ ಅಂಜಿಕೆ ಹೋಗಲೆಂದು ತಾಯಂದಿರು ಮನೆಯೊಳಗೇ ತಟ್ಟೆ ಬೀಳಿಸಿ ಸದ್ದು ಮಾಡತೊಡಗಿದರು. ಹೆಣ್ಣು ನೋಡಲು ಬಂದವರು ಜಾತಕದ ಜೊತೆಗೆ ಅಂಕಪತ್ರವನ್ನೂ ಕೇಳುತ್ತಿದ್ದರು.

ವಸುಮತಿಯ ಗಂಡ ಅಚ್ಯುತ ಊರ ಹೊರಗಿನ ಅಮೋನಿಯಾ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷದಿಂದ ನಿಯಂತ್ರಣ ಕೊಠಡಿಯ ಆಪರೇಟರ್ ಆಗಿದ್ದ. ಅಂಜುಬುರುಕ ಮನುಷ್ಯ. ಮನೆ ಬಿಡುವ ಮೊದಲು ಗ್ಯಾಸ್ ಒಲೆಯ ತಿರುಪನ್ನು ಮೂರು ಸಲ ಮುಟ್ಟಿ ನೋಡುತ್ತಿದ್ದ. ಕೆಲಸದಲ್ಲೂ ಹಾಗೆಯೇ. ಒತ್ತಡದ ಮುಳ್ಳು ಒಂದು ಕೂದಲೆಳೆ ಸರಿದರೂ ಹೊರಗಿನವರಿಗೆ ಫೋನ್ ಮಾಡಿ, "ಸ್ವಲ್ಪ ಹೋಗಿ ನೋಡಿ ಬರ್ರಿ, ನನಗ ಸಮಾಧಾನ ಇಲ್ಲ" ಅನ್ನುತ್ತಿದ್ದ. ಜೊತೆಯವರು ನಗುತ್ತಿದ್ದರು, ಹೋಗಿ ನೋಡಿಯೂ ಬರುತ್ತಿದ್ದರು. ಅವನ ಪಾಳಿಯಲ್ಲಿ ಒಂದು ಸಲವೂ ಅನಿಲ ಸೋರಿರಲಿಲ್ಲ.

ಹಳೆಯ ನೌಕರರಿಗೆ ಕಾಯಿದೆ ಕೊಟ್ಟಿದ್ದ ಎಂಟು ವರ್ಷದ ರಿಯಾಯಿತಿ ಮುಗಿದಾಗ ಅವನೂ ಕುರ್ಚಿಯಲ್ಲಿ ಕೂತ. ಸಂಬಂಧಿಕರ ಕಡತವನ್ನು ಬೇರೆಯವರು ನೋಡಬೇಕೆಂಬ ನಿಯಮವಿದ್ದರೂ ಫಲಿತಾಂಶ ಮೊದಲು ವಸುಮತಿಯ ಪರದೆಗೇ ಬಂತು. ಗಾಜು ಒಡೆದ ಸದ್ದಿಗೆ ಅವನ ನಾಡಿ ನೂರ ಮೂವತ್ತಕ್ಕೆ ಹಾರಿ ನಾಲ್ಕು ನಿಮಿಷ ಕೆಳಗಿಳಿದಿರಲಿಲ್ಲ.

ಸಂಜೆ ಅವಳು ಮನೆಗೆ ಬಂದಾಗ ಅಚ್ಯುತ ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ. ಪಿಯುಸಿ ಓದುತ್ತಿದ್ದ ಮಗಳು ಭಾರ್ಗವಿ ಎದುರಿಗೆ ಪುಸ್ತಕ ಹಿಡಿದು ಕೂತಿದ್ದಳು.

"ಬಂತೇನು?" ಎಂದ ಅಚ್ಯುತ.

"ಬಂತು. ಮೂವತ್ತೊಂದು."

ಅವನು ಕೈಯಲ್ಲಿದ್ದ ಕಾಳನ್ನು ಬಟ್ಟಲಿಗೆ ಹಾಕಿದ. "ನಿನ್ನ ಯಂತ್ರ ಸುಳ್ಳು ಹೇಳಿಲ್ಲ ಬಿಡು, ವಸೂ. ನಾ ಅಂಜತೀನಿ. ಒಂದು ದಿನಾನೂ ಅಂಜದ ಆ ಕೊಠಡಿಯೊಳಗ ಕೂತಿಲ್ಲ."

"ಮತ್ತೊಮ್ಮೆ ಕೂಡಸಲಿಕ್ಕೆ ಬರೂದಿಲ್ಲೇನು?" ಭಾರ್ಗವಿ ತಾಯಿಯನ್ನು ಕೇಳಿದಳು.

"ಬರೂದಿಲ್ಲ."

ಅಚ್ಯುತ ಅವರೆಕಾಯಿಯಿಂದ ತಲೆ ಎತ್ತದೆ ಕೇಳಿದ. "ನೀ ಮನಸ್ಸು ಮಾಡಿದ್ದರ ತಿದ್ದಲಿಕ್ಕೆ ಬರ್ತಿತ್ತೇನು?"

"ಬರ್ತಿತ್ತು."

"ತಿದ್ದಲಿಲ್ಲ."

"ಇಲ್ಲ."

"ಛಲೋ ಮಾಡಿದಿ" ಎಂದ. ಮನಸಾರೆ ಅಂದನೋ, ನೊಂದು ಅಂದನೋ ವಸುಮತಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಅವನನ್ನು ಗೊಬ್ಬರದ ಚೀಲಗಳ ಉಗ್ರಾಣಕ್ಕೆ ಹಾಕಿದರು. ನಿಯಂತ್ರಣ ಕೊಠಡಿಗೆ ಸಾಗರ ಬೆಟಗೇರಿ ಎಂಬ ಇಪ್ಪತ್ನಾಲ್ಕರ ತರುಣ ಬಂದ. ಗದುಗಿನವನು, ಬೇರೊಂದು ಕಾರ್ಖಾನೆಯ ನಿಯಂತ್ರಣ ಕೊಠಡಿಯಲ್ಲಿ ಎರಡು ವರ್ಷ ಕೂತು ಬಂದವನು, ಆಯ್ದ ಪ್ರತಿಭೆ, ಅಂಕ ತೊಂಬತ್ತನಾಲ್ಕು. ಹದಿನೈದು ದಿನ ಜೊತೆಯಲ್ಲಿದ್ದು ಅವನಿಗೆ ಕೆಲಸ ತೋರಿಸಿಕೊಟ್ಟವನು ಅಚ್ಯುತನೇ. "ಹುಡುಗ ಶಾಣ್ಯಾ ಇದ್ದಾನ" ಎಂದು ಮನೆಯಲ್ಲಿ ಹೇಳಿದ. "ಆದ್ರ ಪ್ರಶ್ನೆ ಕೇಳೂದಿಲ್ಲ. ಯಾರೋ ಅವಗ ಪ್ರಶ್ನೆ ಬ್ಯಾಡ ಅಂತ ಹೇಳಿಕೊಟ್ಟಂಗದ."

ಅದೇ ತಿಂಗಳು ಕೇಂದ್ರದಲ್ಲಿ ಮೂರು ವರ್ಷದ ವರದಿ ಸಿದ್ಧವಾಗುತ್ತಿತ್ತು. ಅಂಕ ಏರಿದಂತೆ ತಪ್ಪುಗಳು ಇಳಿಯುವುದನ್ನು ತೋರಿಸುವ ಗೆರೆ ಎಂಬತ್ತೈದರ ತನಕ ನೇರವಾಗಿ ಹೋಗಿ, ತೊಂಬತ್ತರ ಆಚೆ ಚೂರು ಮೇಲಕ್ಕೆ ಬಾಗಿದ್ದನ್ನು ವಸುಮತಿ ಗಮನಿಸಿದಳು. ತೊಂಬತ್ತು ದಾಟಿ ನಿಯಂತ್ರಣ ಕೊಠಡಿಗಳಲ್ಲಿ ಕೆಲಸಕ್ಕಿದ್ದವರು ಆಗ ಹನ್ನೊಂದೇ ಜನ. ಅಪಾಯದ ಗಂಟೆ ಒತ್ತಲು ಆ ಹನ್ನೊಂದು ಜನ ಉಳಿದವರಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಿದ್ದರು. ಅವಳು ವರದಿಯ ಕೆಳಗೆ ಒಂದು ಅಡಿಟಿಪ್ಪಣಿ ಬರೆದು ನಿರ್ದೇಶಕ ಮುರಗೋಡರಿಗೆ ತೋರಿಸಿದಳು.

ಮುರಗೋಡರು ಒಳ್ಳೆಯ ಮನುಷ್ಯ. ಕನ್ನಡಕ ತೆಗೆದು ಎರಡು ಸಲ ಓದಿದರು. "ಹನ್ನೊಂದು ಜನರ ಮ್ಯಾಲೆ ಏನು ಹೇಳಲಿಕ್ಕೆ ಸಾಧ್ಯ, ವಸುಮತಿಯವರೇ? ಇದನ್ನ ಒಬ್ಬ ವಿದ್ಯಾರ್ಥಿ ಬರಕೊಂಡು ಬಂದಿದ್ದರ ನೀವ ಹೊಡದು ಹಾಕ್ತಿದ್ರಿ."

ಅದು ನಿಜವಾಗಿತ್ತು. ಅವಳು ಟಿಪ್ಪಣಿಯನ್ನು ತೆಗೆದು, ಸಂಖ್ಯೆ ಸಾಲದು ಎಂದು ಕಾರಣ ಬರೆದು ಸಹಿ ಮಾಡಿದಳು.

ಭಾದ್ರಪದದ ಒಂದು ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಉಗ್ರಾಣದಲ್ಲಿ ಚೀಲಗಳ ಲೆಕ್ಕ ಬರೆದುಕೊಳ್ಳುತ್ತಿದ್ದ ಅಚ್ಯುತನಿಗೆ ಕಂಪ್ರೆಸರಿನ ದನಿ ಬದಲಾದಂತೆ ಕೇಳಿಸಿತು. ಅಮೋನಿಯಾವನ್ನು ತಂಪಾಗಿ ಇಡುವ ಯಂತ್ರ ಅದು. ಅದು ದುಡಿಯಲು ತಿಣುಕಿದರೆ ಟ್ಯಾಂಕಿನ ಒತ್ತಡ ಏರುತ್ತದೆ. ಅವನು ನಿಯಂತ್ರಣ ಕೊಠಡಿಗೆ ಫೋನ್ ಮಾಡಿದ.

"ಸಾಗರಾ, ಒತ್ತಡ ಎಷ್ಟದ?"

"ಏರಾಕತ್ತೈತ್ರಿ ಕಾಕಾ. ಆದ್ರ ಮಿತಿಯೊಳಗ ಐತಿ."

"ಎಷ್ಟೊತ್ತಿನಿಂದ ಏರ್ಲಿಕ್ಕೆ ಹತ್ತೇದ?"

"ಒಂದು ಇಪ್ಪತ್ತು ನಿಮಿಷ ಆಗಿರಬೇಕ್ರಿ."

"ಗಂಟೆ ಒತ್ತಪಾ. ಜನಾನ್ನ ಹೊರಗ ಹಾಕು."

"ಮಿತಿ ದಾಟಿಲ್ಲರಿ ಕಾಕಾ. ದಾಟಿದ್ರ ಒತ್ತತೀನಿ."

ಅಚ್ಯುತ ಫೋನ್ ಇಟ್ಟು ಓಡಿದ. ಟ್ಯಾಂಕಿನ ಪಕ್ಕದ ಲೋಡಿಂಗ್ ಕಟ್ಟೆಯಲ್ಲಿ ಗುತ್ತಿಗೆಯ ಮೂವರು ಹೆಂಗಸರು ಚೀಲ ಹೊಲಿಯುತ್ತಿದ್ದರು. ಅಲ್ಲಿಗೆ ಹೋಗಲು ಉಗ್ರಾಣದವರಿಗೆ ಪರವಾನಗಿ ಇರಲಿಲ್ಲ. ಅವನು ಕಟ್ಟೆ ಹತ್ತುವಷ್ಟರಲ್ಲಿ ಪೈಪಿನ ಜೋಡಣೆಯೊಂದು ಸಿಡಿದು ಬಿಳಿಯ ಮೋಡ ನೆಲದಗುಂಟ ಹರಡಿತು. ಅಚ್ಯುತ ಟವೆಲನ್ನು ನಲ್ಲಿಯ ನೀರಿನಲ್ಲಿ ಅದ್ದಿ ಮೂಗಿಗೆ ಕಟ್ಟಿಕೊಂಡು ಇಬ್ಬರನ್ನು ಗಾಳಿಗೆ ಎದುರಾದ ಬದಿಗೆ ಎಳೆದು ತಂದ. ಮೂರನೆಯವಳು ಹೊಲಿಗೆ ಯಂತ್ರದ ಹಿಂದೆ ಬಿದ್ದಿದ್ದಳು. ಟವೆಲನ್ನು ಅವಳ ಮುಖಕ್ಕೆ ಕಟ್ಟಿ ಎತ್ತಿಕೊಂಡು ಬಂದ.

ಮೂವರೂ ಬದುಕಿದರು. ಅಚ್ಯುತ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದ. ಗಂಟಲು ಸುಟ್ಟಿದ್ದರಿಂದ ಮಾತಾಡಲು ಆಗಲಿಲ್ಲ. ಮೂರನೆಯ ದಿನ ವಸುಮತಿಯ ಅಂಗೈಯ ಮೇಲೆ ಬೆರಳಿನಿಂದ ಏನೋ ಬರೆಯಲು ನೋಡಿದ. ಅವಳಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಶನಿವಾರ ಬೆಳಿಗ್ಗೆ ಹೋಗಿಬಿಟ್ಟ.

ಭಾರ್ಗವಿ ಅಳಲಿಲ್ಲ. ಬಂದವರಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು, ಸಂಬಂಧಿಕರಿಗೆ ತಾನೇ ಫೋನ್ ಮಾಡಿದಳು. "ಎಷ್ಟು ಗಟ್ಟಿ ಹುಡುಗಿ" ಎಂದು ಎಲ್ಲರೂ ಅಂದರು.

ವೈಕುಂಠ ಸಮಾರಾಧನೆ ಮುಗಿದ ಮೂರನೆಯ ದಿನ ಸಾಗರ ಮನೆಗೆ ಬಂದ. ಬಾಗಿಲಲ್ಲೇ ನಿಂತ. ವಸುಮತಿ ಒಳಗೆ ಬಾ ಎಂದಾಗ ಬಂದು ಗೋಡೆಗೆ ಒತ್ತಿ ಕೂತ. ಅವಳಿಗೆ ಅವನ ಮೇಲೆ ಸಿಟ್ಟಿತ್ತು. ಆದರೆ ಎದುರಿಗೆ ನೋಡಿದರೆ ಅವನು ತೀರ ಎಳೆಯನಂತೆ ಕಂಡ.

"ಕಾಕಾ ಫೋನ್ ಮಾಡಿದಾಗ ನನ್ನ ಕೈ ನಡಗಾಕತ್ತಿದ್ದುವ್ರಿ ಮೇಡಂ" ಎಂದ. "ಅದಕ್ಕೂ ಮೊದಲಿಂದನ ನಡಗಾಕತ್ತಿದ್ದುವು."

"ಮತ್ತ ಗಂಟೆ ಯಾಕ ಒತ್ತಲಿಲ್ಲ?"

"ನಂದು ತೊಂಬತ್ನಾಕ ಅಂಕ ಅಲ್ಲೇನ್ರಿ." ಇಷ್ಟರಲ್ಲೇ ಎಲ್ಲ ಹೇಳಿ ಮುಗಿಸಿದಂತಿತ್ತು ಅವನ ದನಿ. "ಏಳು ವರ್ಷ ಎಲ್ಲಾರೂ ಅದನ್ನ ಹೇಳ್ಯಾರ್ರಿ. ನಿನಗ ಅಂಜಿಕಿ ಬರಂಗಿಲ್ಲ, ನಿನ್ನ ಹುಟ್ಟುಗುಣನ ಹಂಗೈತಿ ಅಂತ. ಕೈ ನಡಗೂದು ನೋಡಿ, ಇದು ಅಂಜಿಕಿ ಇರಾಕಿಲ್ಲ, ಮುಂಜಾನಿ ನಾಷ್ಟಾ ಮಾಡಿಲ್ಲ, ಅದಕ್ಕ ಅಂದ್ಕೊಂಡೆ. ಒಂದು ಬಿಸ್ಕಿಟ್ ತಿಂದೆ. ತಿನ್ನಾಕತ್ತಾಗ ಪೈಪ್ ಒಡೀತು."

ವಸುಮತಿ ಕೇಳಿದಳು. "ನೀ ಕುರ್ಚ್ಯಾಗ ಕೂತಿದ್ದು ಯಾವಾಗ?"

"ಹದಿನೇಳರಾಗ್ರಿ. ಅಪ್ಪ ತೀರಿ ಹದಿನೆಂಟು ದಿನ ಆಗಿತ್ತು. ಅವ್ವ ಹೋಗಬ್ಯಾಡ ಅಂದ್ಲು, ಕಾಲೇಜಿನವರು ಬಿಡಲಿಲ್ಲ. ಗಾಜು ಒಡದ್ರೂ, ಕೂಸು ಚೀರಿದ್ರೂ ಏನೂ ಅನಸಲಿಲ್ಲ. ಆವಾಗ ಯಾವುದೂ ಅನಸ್ತಿರಲಿಲ್ಲರಿ. ಉಂಡ ಅನ್ನದ ರುಚಿನೂ ಹತ್ತುತಿರಲಿಲ್ಲ."

ಮರುದಿನ ಅವಳು ಕೇಂದ್ರಕ್ಕೆ ಹೋಗಿ ಸಾಗರನ ಹಳೆಯ ದಾಖಲೆ ತೆರೆದಳು. ನಾಡಿಯ ಗೆರೆ ನಲವತ್ತು ನಿಮಿಷವೂ ಚಪ್ಪಟೆಯಾಗಿತ್ತು. ಅಂಥ ಗೆರೆಯನ್ನು ಅವಳೇ ಎಷ್ಟೋ ಸಲ ತರಬೇತಿಗೆ ಬಂದವರಿಗೆ ಸ್ಥೈರ್ಯದ ಮಾದರಿ ಎಂದು ತೋರಿಸಿದ್ದಳು. ಪೆಟ್ಟು ತಿಂದ ಮನಸ್ಸು ಕೆಲವು ಕಾಲ ಮರಗಟ್ಟುತ್ತದೆ. ಆಗ ಬೆಂಕಿ ಕಂಡರೂ ಕಣ್ಣಪಾಪೆ ಹಿಗ್ಗುವುದಿಲ್ಲ. ಯಂತ್ರಕ್ಕೆ ಕಾಣುವುದು ಹಿಗ್ಗದ ಕಣ್ಣಪಾಪೆ ಮಾತ್ರ. ಅದು ಯಾಕೆ ಹಿಗ್ಗಲಿಲ್ಲ ಎಂದು ಇನ್ನೂರ ಹನ್ನೆರಡು ಪ್ರಶ್ನೆಗಳಲ್ಲಿ ಒಂದೂ ಕೇಳುತ್ತಿರಲಿಲ್ಲ.

ಆ ಹನ್ನೊಂದು ಜನರ ಪಟ್ಟಿಯಲ್ಲಿ ಸಾಗರನನ್ನು ಬಿಟ್ಟು ಹತ್ತು ಜನ ಉಳಿದಿದ್ದರು. ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಎಂಟು ಜನ ಸಿಕ್ಕರು. ರಾಯಚೂರಿನ ಒಬ್ಬಳು ಪರೀಕ್ಷೆಗೆ ಎರಡು ತಿಂಗಳ ಮುಂಚೆ ಅಣ್ಣನನ್ನು ಕಳೆದುಕೊಂಡಿದ್ದಳು. ಶಿರಸಿಯ ಒಬ್ಬನನ್ನು ಮಲತಂದೆ ದಿನಾ ಬಡಿಯುತ್ತಿದ್ದನಂತೆ. "ಸದ್ದಿಗೆ ಬೆಚ್ಚಿದ್ರೆ ಇನ್ನೂ ಎರಡು ಬೀಳ್ತಿತ್ತು, ಹಾಗಾಗಿ ಬೆಚ್ಚೋದೇ ಬಿಟ್ಟಿದ್ದೆ" ಎಂದ. ಎಂಟರಲ್ಲಿ ಆರು ಜನರ ಕಥೆ ಹೀಗೆಯೇ ಇತ್ತು.

ಅವಘಡದ ತನಿಖೆಗೆ ಆಯೋಗವೊಂದು ಹುಬ್ಬಳ್ಳಿಯ ಅತಿಥಿಗೃಹದಲ್ಲಿ ಕೂತಿತ್ತು. ವಸುಮತಿ ತನ್ನ ಕಾಗದಗಳ ಜೊತೆಗೆ ಸಾಗರನನ್ನೂ ಕರೆದುಕೊಂಡು ಹೋದಳು. ಅವನು ಅನುಮಾನಿಸಿದ್ದ. "ಇದ್ದದ್ದು ಇದ್ದಂಗ ಹೇಳು, ನಿನಗ ಏನೂ ಆಗೂದಿಲ್ಲ" ಎಂದು ಅವಳೇ ಒಪ್ಪಿಸಿದ್ದಳು.

ಅವನು ಇದ್ದದ್ದು ಇದ್ದಂತೆ ಹೇಳಿದ. ಬಿಸ್ಕಿಟಿನ ಮಾತನ್ನೂ ಬಿಡಲಿಲ್ಲ. ಆಯೋಗದ ಅಧ್ಯಕ್ಷರು ತಾಳ್ಮೆಯಿಂದ ಕೇಳಿ, ವಿಶೇಷ ಆದೇಶದ ಮೇಲೆ ಅವನನ್ನು ಇನ್ನೊಮ್ಮೆ ಕುರ್ಚಿಯಲ್ಲಿ ಕೂರಿಸಬೇಕೆಂದರು. ಈ ಸಲ ಅಂಕ ಐವತ್ತೆಂಟು ಬಂತು.

ವಸುಮತಿಗೆ ತನ್ನ ಮಾತು ಸಾಬೀತಾಯಿತು ಅನ್ನಿಸಿತು. ಒಬ್ಬನೇ ಮನುಷ್ಯನಿಗೆ ತೊಂಬತ್ತನಾಲ್ಕು, ಐವತ್ತೆಂಟು ಎರಡೂ ಬಂದರೆ ಯಂತ್ರ ಅಳೆಯುತ್ತಿರುವುದು ಅವನ ಸ್ವಭಾವವನ್ನಲ್ಲ, ಆ ಹೊತ್ತಿನ ಅವಸ್ಥೆಯನ್ನು ಎಂದು ವಿವರಿಸಿದಳು. ಹನ್ನೊಂದು ಜನರ ಪಟ್ಟಿಯನ್ನು ಮುಂದಿಟ್ಟಳು.

ಅಧ್ಯಕ್ಷರು ಇನ್ನೊಂದು ಕಾಗದ ತೆಗೆದರು. "ಈ ಹನ್ನೊಂದು ಜನರ ಸಂಖ್ಯೆ ಯಾವ ನಿರ್ಣಯಕ್ಕೂ ಸಾಲದು ಅಂತ ಇಲ್ಲಿ ಬರೆದಿದೆ. ಕೆಳಗಿರೋದು ತಮ್ಮ ಸಹಿಯೇ ಅಲ್ಲವೇ, ಅಮ್ಮಾ?"

"ಹೌದು."

"ಆಗ ತಾವು ತಜ್ಞರಾಗಿ ಬರೆದಿದ್ದಿರಿ. ಈಗ ತಮ್ಮ ಯಜಮಾನರನ್ನು ಕಳೆದುಕೊಂಡಿದ್ದೀರಿ. ನಾನು ಯಾವುದನ್ನು ನಂಬಲಿ?" ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದರು. ಪಕ್ಕದ ಕುರ್ಚಿಯಲ್ಲಿದ್ದ ಮುರಗೋಡರು ನೆಲ ನೋಡುತ್ತಿದ್ದರು.

ಎರಡು ತಿಂಗಳಿಗೆ ವರದಿ ಬಂತು. ಅವಘಡಕ್ಕೆ ಕಾರಣ ಪೈಪಿನ ಸವೆದ ಜೋಡಣೆ. ಅದರ ಜೊತೆಗೆ, ಆಪರೇಟರ್ ಸಾಗರ ಬೆಟಗೇರಿ ಹದಿನೇಳನೆಯ ವಯಸ್ಸಿನಲ್ಲಿ ಯಾವುದೋ ಉಪಾಯದಿಂದ ಯಂತ್ರವನ್ನು ವಂಚಿಸಿರುವ ಸಾಧ್ಯತೆ ಇದೆ. ಅವನ ನಿಜವಾದ ಅಂಕ ಐವತ್ತೆಂಟು. ಕಾಯಿದೆಯ ಮಿತಿಗಿಂತ ಕಡಿಮೆ ಅಂಕದವನು ಕೂತಿದ್ದರಿಂದಲೇ ಅನಾಹುತವಾಗಿದೆ. ಮೃತ ಅಚ್ಯುತ ಗಲಗಲಿ, ಅಂಕ ಮೂವತ್ತೊಂದು, ಪರವಾನಗಿ ಇಲ್ಲದ ಜಾಗಕ್ಕೆ ಗಾಬರಿಯಿಂದ ನುಗ್ಗಿದ್ದಾರೆ. ಯಂತ್ರದ ಎಚ್ಚರಿಕೆ ಎರಡೂ ಕಡೆ ಸರಿಯಾಗಿತ್ತು. ಇನ್ನು ಮೇಲೆ ಮಿತಿಯನ್ನು ಎಪ್ಪತ್ತೈದಕ್ಕೆ ಏರಿಸಬೇಕು.

ಚೀಲ ಹೊಲಿಯುವ ಮೂವರು ಹೆಂಗಸರ ಹೇಳಿಕೆ ಅನುಬಂಧದಲ್ಲಿತ್ತು. ಅವರಿಗೆ ಅಂಕಪತ್ರ ಇರಲಿಲ್ಲವಾದ್ದರಿಂದ ಹೇಳಿಕೆಯನ್ನು ದಾಖಲಿಸಿಕೊಳ್ಳಲಾಗಿದೆ, ಪರಿಗಣಿಸಿಲ್ಲ ಎಂದು ಕೆಳಗೆ ಬರೆದಿದ್ದರು.

ಸಾಗರನ ನೌಕರಿ ಹೋಯಿತು. ವಂಚನೆಯ ಗುರುತು ಬಿದ್ದ ಅಂಕಪತ್ರಕ್ಕೆ ಬೇರೆ ಎಲ್ಲೂ ಕೆಲಸ ಸಿಗಲಿಲ್ಲ. ವಸುಮತಿ ಕೆಲಸ ಬಿಟ್ಟ ದಿನ ಅವನ ಮನೆ ಹುಡುಕಿಕೊಂಡು ಗದುಗಿಗೆ ಹೋದಳು. ಅವನ ತಾಯಿ ಮುಗುಳುನಗದೆ ಚಹಾ ಕೊಟ್ಟಳು. "ಅವನೀಗ ಬಾಗಲಾ ಬಡದ ಸಪ್ಪಳಕ್ಕೂ ಬೆಚ್ಚತಾನ್ರೀ" ಎಂದಳು. ಸಾಗರ ಒಳಗಿನ ಕೋಣೆಯಿಂದ ಬರಲಿಲ್ಲ. ಕ್ಷಮೆ ಕೇಳಬೇಕೆಂದು ಹೋದವಳು ಯಾರ ಮುಂದೆ ಕೇಳುವುದೆಂದು ತಿಳಿಯದೆ ಚಹಾ ಕುಡಿದು ಎದ್ದು ಬಂದಳು.

ಮನೆಗೆ ಬಂದಾಗ ಭಾರ್ಗವಿ ಮೇಜಿನ ಮೇಲೆ ಒಂದು ಲಕೋಟೆ ಇಟ್ಟು ಕೂತಿದ್ದಳು.

"ನಿನಗ ಹೇಳಿದ್ದಿಲ್ಲ" ಎಂದಳು. "ಕಾಲೇಜಿನಾಗ ಹೋದ ತಿಂಗಳ ಕೂಡಿಸಿದ್ರು. ತೊಂಬತ್ತಮೂರು ಬಂದದ."

ವಸುಮತಿ ಕಾಗದ ಓದಿದಳು. ಆಯ್ದ ಪ್ರತಿಭೆ. ಕರಾವಳಿಯ ಅನಿಲ ಘಟಕದ ನಿಯಂತ್ರಣ ತರಬೇತಿಗೆ ಮುಂದಿನ ಸೋಮವಾರ ಹಾಜರಾಗಬೇಕು. ಓದು ಅಲ್ಲಿಯೇ ಮುಂದುವರಿಯುತ್ತದೆ. ಹದಿನೇಳು ತುಂಬಿದವರಿಗೆ ಪಾಲಕರ ಸಹಿ ಬೇಕಿಲ್ಲ.

"ನೀ ಹೋಗಬ್ಯಾಡ."

"ಹೋಗ್ತೀನಿ ಅಮ್ಮಾ."

"ಭಾರ್ಗವೀ, ನಿಮ್ಮಪ್ಪ ಹೋದಾಗಿಂದ ನೀ ಒಮ್ಮೆನೂ ಅತ್ತಿಲ್ಲ. ಯಂತ್ರಕ್ಕ ಕಂಡದ್ದು ಅದು. ನಾ ಅದನ್ನ ಕಟ್ಟಿದಾಕಿ, ನನಗ ಗೊತ್ತದ. ಇದು ನಿನ್ನ ಸ್ವಭಾವ ಅಲ್ಲ, ಇದು ದುಃಖ."

"ಅಪ್ಪಗ ಮೂವತ್ತೊಂದು ಬಂದಾಗ ನೀ ಹಿಂಗ ಹೇಳಲಿಲ್ಲ" ಎಂದಳು ಭಾರ್ಗವಿ. ದನಿ ಏರಿಸಲಿಲ್ಲ. "ಆವಾಗ ಯಂತ್ರ ಖರೆ ಇತ್ತು. ಈಗ ನಂದು ಬಂದಕೂಡ್ಲೇ ಸುಳ್ಳಾತೇನು?"

ವಸುಮತಿ ಕೈಯಲ್ಲಿದ್ದ ಕಾಗದವನ್ನು ಮತ್ತೊಮ್ಮೆ ಮೊದಲಿಂದ ಓದಿದಳು.

"ಅಪ್ಪ ಅಂಜಿ ಅಂಜಿ ಸತ್ತ. ನನಗ ಅಂಜಿಕಿ ಇಲ್ಲ. ನಾ ಅಪ್ಪನ್ಹಂಗ ಆಗೂದಿಲ್ಲ." ಮಗಳು ಕಾಗದವನ್ನು ತಾಯಿಯ ಕೈಯಿಂದ ತೆಗೆದುಕೊಂಡು, ಮೊದಲಿದ್ದ ಮಡಿಕೆಯಲ್ಲೇ ಮಡಿಚಿ ಲಕೋಟೆಗೆ ಹಾಕಿದಳು.

ಉಳಿದ ಐದು ದಿನವೂ ವಸುಮತಿ ಹೇಳಿ ನೋಡಿದಳು. ಸಾಗರನ ಕಥೆ ಹೇಳಿದಳು, ಎಂಟು ಜನರ ಕಥೆ ಹೇಳಿದಳು. ಕೊನೆಗೆ ಕೈಮುಗಿದು ಕೇಳಿದಳು. ಭಾರ್ಗವಿ ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡು ಬಟ್ಟೆ ಮಡಿಚಿ ಪೆಟ್ಟಿಗೆ ತುಂಬಿದಳು.

ಸೋಮವಾರ ಬೆಳಿಗ್ಗೆ ಇಬ್ಬರೂ ಬಸ್ ನಿಲ್ದಾಣಕ್ಕೆ ಹೋದರು. ಮಾರ್ಗಶಿರದ ಚಳಿ. ಬಸ್ಸಿನ ಗಾಜುಗಳ ಮೇಲೆ ಇಬ್ಬನಿ ಕೂತಿತ್ತು. ನಿಂತವರೆಲ್ಲ ಶಾಲು ಹೊದ್ದಿದ್ದರು. ಕಂಡಕ್ಟರ್ ಸೀಟಿ ಊದಿದ. ಭಾರ್ಗವಿ ಮೆಟ್ಟಿಲ ಮೇಲೆ ಕಾಲಿಟ್ಟು, ಇನ್ನೊಮ್ಮೆ ಇಳಿದು ಬಂದು ತಾಯಿಯ ಕೈ ಹಿಡಿದುಕೊಂಡಳು.

ಅವಳ ಅಂಗೈ ಬೆವರಿನಿಂದ ತೊಯ್ದಿತ್ತು. ಮಣಿಕಟ್ಟಿನ ನಾಡಿ ವಸುಮತಿಯ ಬೆರಳಿನಡಿ ಓಡುತ್ತಿತ್ತು.

"ಭಾರ್ಗವೀ, ನಿನ್ನ ಕೈ ನೋಡು."

ಭಾರ್ಗವಿ ಕೈ ಬಿಡಿಸಿಕೊಂಡು ಒಂದು ಗಳಿಗೆ ಅಂಗೈಯನ್ನು ನೋಡಿದಳು, ಬೇರೆ ಯಾರದೋ ಕೈ ನೋಡಿದಂತೆ. ಆಮೇಲೆ ದುಪಟ್ಟಾಕ್ಕೆ ಒರೆಸಿಕೊಂಡಳು.

"ಸೆಕೆ ಭಾಳದ" ಎಂದು ಹೇಳಿ ಬಸ್ಸು ಹತ್ತಿದಳು.